ಮೋಟರ್‌ಹೋಮ್ ಹಿಂದೆ ಇ-ಬೈಕ್ ಏರಿಸುವ ಮುನ್ನ ಇದನ್ನೊಮ್ಮೆ ಓದಿ

ಜರ್ಮನಿಯಲ್ಲಿರುವ ನಮ್ಮ ಕನ್ನಡದವರಲ್ಲಿ ಮೋಟರ್‌ಹೋಮ್ (ಒಳಗೇ ಮಲಗುವ, ಅಡುಗೆ ಮಾಡುವ ಮನೆಗಾಡಿ) ಹುಚ್ಚು ಹತ್ತಿದವರು ಈಗ ಸುಮಾರು ಜನ ಇದ್ದಾರೆ. ಕೆಲವರು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದಾರೆ, ಕೆಲವರು ಬೇಸಿಗೆ ರಜೆಗೆ ಬಾಡಿಗೆಗೆ ಹಿಡಿಯುತ್ತಾರೆ. ಗಾಡಿ ಆಯ್ತು ಅಂದಮೇಲೆ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ, "ಜೊತೆಗೆ ಒಯ್ಯೋಕೆ ಯಾವ ಇ-ಬೈಕ್ ಒಳ್ಳೇದು?" ಇ-ಬೈಕ್ ಅಂದರೆ ಇಲ್ಲಿ ಬ್ಯಾಟರಿ, ಮೋಟರ್ ಇರುವ ಸೈಕಲ್. ಈ ಪ್ರಶ್ನೆಯನ್ನು ದಯವಿಟ್ಟು ಬೈಕ್ ಅಂಗಡಿಯಲ್ಲಿ ಕೇಳಲು ಹೋಗಬೇಡಿ. ಮೊದಲು ನಿಮ್ಮ ಗಾಡಿಯ ಹಿಂಬದಿ ಗೋಡೆ ನೋಡಿ, ಗಾಡಿಯ ದಾಖಲೆಯಲ್ಲಿರುವ ತೂಕದ ಅಂಕಿ ನೋಡಿ. ಯಾರಾದರೂ ಎರಡು ಬೈಕು, ಅವನ್ನು ಗಾಡಿಯ ಹಿಂದೆ ಹೊರುವ ಒಂದು ಕ್ಯಾರಿಯರ್, ಫಿಟ್ಟಿಂಗ್ ಎಲ್ಲ ಸೇರಿಸಿ "ಕ್ಯಾಂಪಿಂಗ್ ಪ್ಯಾಕೇಜ್" ಅಂತ ಒಂದೇ ರೇಟು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಂಥ ಪ್ಯಾಕೇಜ್ ನಮ್ಮ ತಲೆಗೆ ಕಟ್ಟಿದ್ದರ ಕಥೆ ಇದು. ಅಂಗಡಿ ಹೆಸರು ಹಾಕುವುದಿಲ್ಲ, ವ್ಯವಹಾರ ಇನ್ನೂ ಮುಗಿದಿಲ್ಲ.

ನಮ್ಮದು ಫಿಯಟ್ ಡುಕಾಟೊ ವ್ಯಾನಿನ ಚಾಸಿ ಮೇಲೆ ಕಟ್ಟಿದ ಹಳೇ ಗಾಡಿ. ಎಲ್ಲ ಸೇರಿ 3,500 ಕೆಜಿ ದಾಟುವಂತಿಲ್ಲ. ಕಾರಿನ ಬಿ ಲೈಸೆನ್ಸ್‌ನಲ್ಲಿ ಓಡಿಸಬಹುದಾದದ್ದೂ ಅಷ್ಟೇ. ಹಿಂದಿನ ಮಂಚದ ಕೆಳಗೆ ಸೈಕಲ್ ತೂರಿಸುವಂಥ ಗ್ಯಾರೇಜ್ ಇಲ್ಲ. ಅಂಗಡಿಯವರು ತೋರಿಸಿದ್ದು ಮಡಚುವ ಬೈಕು: 20 ಇಂಚಿನ ಚಕ್ರ, 4 ಇಂಚು ದಪ್ಪದ ಟೈರು, ನೋಡೋಕೆ ಗಟ್ಟಿಮುಟ್ಟು. ಕಾಗದದಲ್ಲಿ 23 ಕೆಜಿ ಅಂತ ಇತ್ತು. ಕ್ಯಾರಿಯರ್ 50 ಕೆಜಿ ತಡೆಯುತ್ತದೆ, ಎರಡು ಬೈಕಿಗೆ 46, ಇನ್ನೂ 4 ಕೆಜಿ ಮಿಕ್ಕಿತಲ್ಲ ಅಂತ ಅವರೇ ಲೆಕ್ಕ ಹಾಕಿ ತೋರಿಸಿದರು. ಗೋಡೆಗೆ ಕ್ಯಾರಿಯರ್ ಕೂರಿಸಿ, ಬೈಕ್ ಬಿಗಿದು, ಕೈಕುಲುಕಿ ಕಳಿಸಿಕೊಟ್ಟರು.

ಆ 23 ಕೆಜಿ ಬ್ಯಾಟರಿ ಬಿಟ್ಟು. ಮಡ್‌ಗಾರ್ಡ್, ಸ್ಟ್ಯಾಂಡ್, ಹಿಂದಿನ ಲಗೇಜ್ ಕ್ಯಾರಿಯರ್ ಕೂಡ ಅದರಲ್ಲಿಲ್ಲ. ಅದೆಲ್ಲ ಬರೆದದ್ದು ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿ ಇರುತ್ತಲ್ಲ, ಅದಕ್ಕೆ ನೇತುಹಾಕಿದಾಗ ಒಂದೊಂದು ಬೈಕು 28 ತೋರಿಸಿತು. ಎರಡಕ್ಕೆ 56. 50 ತಡೆಯುವ ಕ್ಯಾರಿಯರ್ ಮೇಲೆ. ಅದರ ಮೇಲೆ ಬೀಗದ ಸರಪಳಿ ಬೇರೆ.

ಬೀಳಬಹುದು ಅನ್ನುವ ಭಯ ಒಂದು ಕಡೆ. ಆದರೆ ಮೊದಲು ಹೋದದ್ದು ಗೋಡೆ. ಈ ಗಾಡಿಗಳ ಗೋಡೆ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಹೊರಗೆ ತೆಳ್ಳಗಿನ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ಒಳಗೆ ಪ್ಲೈವುಡ್, ಮಧ್ಯೆ ಫೋಮ್. ಹಳೇ ಗಾಡಿಗಳಲ್ಲಿ ಅಲ್ಲಲ್ಲಿ ಮರದ ರೀಪರ್ ಇರುತ್ತದೆ. ಬೋಲ್ಟ್ ಆ ರೀಪರ್ ಮೇಲೇ ಬೀಳಬೇಕು, ಇಲ್ಲವೇ ಒಳಗಡೆ ಅಗಲದ ಪ್ಲೇಟ್ ಇಟ್ಟು ಭಾರ ಹಂಚಬೇಕು. ನಮ್ಮ ಗಾಡಿಗೆ ರೀಪರ್ ಎಲ್ಲಿದೆ ಅಂತ ನೋಡದೆ, ಬರೀ ಫೋಮ್ ಇದ್ದ ಜಾಗದಲ್ಲಿ ತೂತು ಕೊರೆದಿದ್ದರು. ಒಳಗಡೆ ಸಣ್ಣ ವಾಷರ್ ಅಷ್ಟೇ. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಬೈಕು ಗೋಡೆಯನ್ನು ಎಳೆಯುತ್ತದೆ, ಬಿಡುತ್ತದೆ. ಫೋಮ್ ಒಳಗೊಳಗೇ ಕುಗ್ಗುತ್ತದೆ. ಬೋಲ್ಟ್ ಸುತ್ತ ಹಚ್ಚಿದ ಸೀಲೆಂಟ್ ಬಿರುಕು ಬಿಡುತ್ತದೆ. ಆಮೇಲೆ ಮಳೆ ಬಂದರೆ ಸಾಕು.

ಮೋಸೆಲ್ ನದಿ ದಂಡೆಯ ಕೋಹೆಮ್‌ಗೆ ಹೋಗುವಾಗ ದಾರಿಯುದ್ದಕ್ಕೂ ಮಳೆ. ಅಲ್ಲಿ ಪಕ್ಕದ ಗಾಡಿಯ ನಿವೃತ್ತ ಜರ್ಮನ್ ಅಜ್ಜ ನಮ್ಮ ಬೈಕಿನ ಹ್ಯಾಂಡಲ್ ಹಿಡಿದು ಮೆಲ್ಲಗೆ ಎಳೆದರು. ಬೈಕು ಅಲ್ಲಾಡಿತು, ಸರಿ. ಅದರ ಜೊತೆ ಗೋಡೆಯೂ ಉಬ್ಬಿ ತಗ್ಗಿತು. ಅವರು ಏನೂ ಹೇಳದೆ ತಮ್ಮ ಟಾರ್ಚ್ ತಂದು ಮೇಲಿನ ಎಡ ಬೋಲ್ಟ್ ತೋರಿಸಿದರು. ಅದರ ಸುತ್ತ ಕೂದಲೆಳೆಯಂಥ ಬಿರುಕು, ಅದರಿಂದ ಕೆಳಗೆ ಕಂದು ಬಣ್ಣದ ನೀರಿನ ಗೆರೆ. ಒಳಗೆ ಹೋಗಿ ಮಕ್ಕಳ ಹಾಸಿಗೆ ಎತ್ತಿದೆ. ಮೂಲೆಯ ಪ್ಲೈವುಡ್ ಬೆರಳಿಟ್ಟರೆ ಒಳಕ್ಕೆ ಹೋಗುವಷ್ಟು ಮೆತ್ತಗಾಗಿತ್ತು. ರಜೆ ಅಲ್ಲಿಗೆ ಮುಗಿಯಿತು ಅಂತಲೇ ಹೇಳಬಹುದು.

ಅಜ್ಜನ ಮಾತು ಕೇಳಿ ವಾಪಸ್ ಬಂದಮೇಲೆ ಗಾಡಿ ತೂಗಿಸಿದೆವು. ನಮ್ಮೂರ ಕಡೆ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ಥರದ್ದೇ ಇಲ್ಲೂ ಇದೆ. ರೈತರ ಗೊಬ್ಬರ-ಬೀಜದ ಮಳಿಗೆಗಳಲ್ಲಿ, ಗುಜರಿ ಯಾರ್ಡ್‌ಗಳಲ್ಲಿ ಕೆಲವು ಯೂರೋ ಕೊಟ್ಟರೆ ತೂಗಿ ಚೀಟಿ ಕೊಡುತ್ತಾರೆ. ಇಡೀ ಗಾಡಿ ತೂಗಿದರೆ ಸಾಲದು, ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ನಮ್ಮದು ಒಟ್ಟು 3,560 ಇತ್ತು. ಅರವತ್ತು ಕೆಜಿ ತಾನೇ, ಒಂದಷ್ಟು ನೀರು ಖಾಲಿ ಮಾಡಿದರೆ ಆಯ್ತು ಅನ್ನಿಸಬಹುದು. ಆದರೆ ಹಿಂದಿನ ಆಕ್ಸಲ್ ಮಿತಿ 2,000 ಕೆಜಿ, ಅಲ್ಲಿ ತೋರಿಸಿದ್ದು 2,080.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾವ ಅಂಗಡಿಯವನೂ ಹೇಳುವುದಿಲ್ಲ. ಕ್ಯಾರಿಯರ್ ಇರುವುದು ಹಿಂದಿನ ಚಕ್ರದ ಮೇಲಲ್ಲ, ಅದರಿಂದ ತುಂಬಾ ಆಚೆ. ನಮ್ಮ ಗಾಡಿಯಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಸುಮಾರು 4 ಮೀಟರ್. ಹಿಂದಿನ ಚಕ್ರದಿಂದ ಬೈಕಿನ ನಡುಭಾಗಕ್ಕೆ ಸುಮಾರು 2.4 ಮೀಟರ್. ಅಲ್ಲಿ 60 ಕೆಜಿ ಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 60 ಅಲ್ಲ, 96 ಕೆಜಿ. ಹೆಚ್ಚಿನ 36 ಎಲ್ಲಿಂದ ಬಂತು? ಮುಂದಿನ ಆಕ್ಸಲ್‌ನಿಂದ. ಗಾಡಿಯ ಮೂತಿ ಅಷ್ಟು ಹಗುರ ಆಗುತ್ತದೆ. ಡುಕಾಟೊದಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರ. ಒದ್ದೆ ಹುಲ್ಲಿನ ಮೇಲೆ ನಿಲ್ಲಿಸಿದ ಗಾಡಿ ಬೆಳಿಗ್ಗೆ ಚಕ್ರ ತಿರುಗಿಸಿ ತಿರುಗಿಸಿ ಕೆಸರೆಬ್ಬಿಸಿದಾಗ ಟೈರ್ ಸವೆದಿದೆ ಅಂದುಕೊಂಡಿದ್ದೆವು. ಟೈರ್ ಚೆನ್ನಾಗಿಯೇ ಇತ್ತು.

ತೂಕ ಮೀರಿದರೆ ದಂಡ ಇದ್ದೇ ಇದೆ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ದಾಟಿ ಇಟಲಿ ಕಡೆ ಹೋಗುವವರು ಇನ್ನೂ ಹುಷಾರಾಗಿರಿ. ಅಲ್ಲಿ ಜಾಸ್ತಿ ಭಾರ ಇಳಿಸುವ ತನಕ ಮುಂದೆ ಬಿಡದೇ ಇರಬಹುದು. ಹೆದ್ದಾರಿ ಪಕ್ಕದಲ್ಲಿ ಇಳಿಸಿದ ಬೈಕನ್ನು ಯಾರ ಹತ್ತಿರ ಬಿಟ್ಟು ಹೋಗ್ತೀರಿ? ಇಟಲಿ, ಸ್ಪೇನ್‌ನಲ್ಲಿ ಹಿಂದೆ ಚಾಚಿಕೊಂಡ ಬೈಕಿಗೆ ಕೆಂಪು-ಬಿಳಿ ಪಟ್ಟೆಯ 50 ಸೆಂ.ಮೀ. ಚೌಕದ ಫಲಕವೂ ಬೇಕು. ಇಟಲಿಗೆ ಅಲ್ಯೂಮಿನಿಯಂನದ್ದೇ ತಗೊಳ್ಳಿ.

ಇನ್ನು ಬೈಕಿನ ವಿಷಯ. ಇದು ನಮ್ಮವರಿಗೆ ಹೆಚ್ಚು ಅನ್ವಯಿಸುತ್ತದೆ, ಯಾಕಂದ್ರೆ ನಾವು ಊರಿನ ನಿಯಮ ತಲೆಯಲ್ಲಿ ಇಟ್ಟುಕೊಂಡು ಬಂದಿರುತ್ತೇವೆ. ಭಾರತದಲ್ಲಿ 250 ವ್ಯಾಟ್, ಗಂಟೆಗೆ 25 ಕಿ.ಮೀ. ಒಳಗಿದ್ದರೆ ನೋಂದಣಿ ಬೇಡ, ಪೆಡಲ್ ತುಳಿಯದೆ ಬರೀ ಎಕ್ಸಲರೇಟರ್ ತಿರುಗಿಸಿ ಹೋದರೂ ಯಾರೂ ಕೇಳಲ್ಲ. ಯುರೋಪಿಯನ್ ಒಕ್ಕೂಟದಲ್ಲೂ ಅಂಕಿ ಅದೇ, 250 ಮತ್ತು 25. ಆದರೆ ಇಲ್ಲಿ ಪೆಡಲ್ ತುಳಿದರೆ ಮಾತ್ರ ಮೋಟರ್ ಸಹಾಯ ಮಾಡಬೇಕು. ತುಳಿಯದೆ ಓಡುವುದಕ್ಕೆ ಅವಕಾಶ ಇರುವುದು ತಳ್ಳಿಕೊಂಡು ಹೋಗುವಾಗಿನ 6 ಕಿ.ಮೀ. ವೇಗಕ್ಕಷ್ಟೇ. ಅದನ್ನು ಮೀರಿದರೆ ಅದು ಸೈಕಲ್ ಅಲ್ಲ, ಮೋಟರ್ ಗಾಡಿ. ಅನುಮೋದನೆ ಬೇಕು, ಇನ್ಶೂರೆನ್ಸ್ ನಂಬರ್ ಪ್ಲೇಟ್ ಬೇಕು. ಇನ್ಶೂರೆನ್ಸ್ ಇಲ್ಲದೆ ಮೋಟರ್ ಗಾಡಿ ಓಡಿಸುವುದು ಜರ್ಮನಿಯಲ್ಲಿ ಬರೀ ದಂಡದ ವಿಷಯ ಅಲ್ಲ, ಕ್ರಿಮಿನಲ್ ಕೇಸ್.

ನಮಗೆ ಮಾರಿದ್ದು ಬಲಗೈ ಹಿಡಿಯಲ್ಲಿ ಎಕ್ಸಲರೇಟರ್ ಇದ್ದ, 500 ವ್ಯಾಟ್‌ನ ಬೈಕು. "ರಸ್ತೆಗೆ ಓಕೆ" ಅಂತ ಬಾಯಲ್ಲಿ ಹೇಳಿದ್ದರು. ಗೊತ್ತಾಗಿದ್ದು ಬೆರ್ನ್‌ಕಾಸ್ಟಲ್-ಕೂಸ್ ಎಂಬಲ್ಲಿ ಹಿಂದಿನ ಟೈರ್ ಪಂಕ್ಚರ್ ಆದಾಗ. ಮೋಟರ್ ಹಿಂದಿನ ಚಕ್ರದೊಳಗೇ ಇರುವ ಬೈಕಲ್ಲಿ ಪಂಕ್ಚರ್ ಹಾಕುವುದೇ ಒಂದು ಸಾಹಸ. ಕ್ಲಿಪ್ ಎತ್ತಿ ಚಕ್ರ ತೆಗೆಯೋಕೆ ಆಗಲ್ಲ. ವೈರ್ ಕಟ್ಟಿದ ಪಟ್ಟಿ ಕತ್ತರಿಸಿ, ಕನೆಕ್ಟರ್ ಬಿಚ್ಚಿ, ದೊಡ್ಡ ಸ್ಪ್ಯಾನರ್‌ನಲ್ಲಿ ನಟ್ ತೆಗೆಯಬೇಕು. ನಮ್ಮ ಹತ್ತಿರ ಆ ಸ್ಪ್ಯಾನರ್ ಇರಲಿಲ್ಲ. ಅಲ್ಲಿನ ಸೈಕಲ್ ಮೆಕ್ಯಾನಿಕ್ ಬೈಕನ್ನು ಬಗ್ಗಿಸಿ ಫ್ರೇಮ್ ಕೆಳಗಿನ ಸ್ಟಿಕ್ಕರ್ ಓದಿದರು. ಇ-ಬೈಕ್‌ಗಳ ಯುರೋಪಿಯನ್ ಮಾನದಂಡವಾದ ಇಎನ್ 15194ರ ಗುರುತು ಹುಡುಕಿದರು, ಇರಲಿಲ್ಲ. "ಇದನ್ನು ನಾನು ಮುಟ್ಟೋದಿಲ್ಲ. ನೀವೂ ಇಲ್ಲಿಂದ ತುಳಿದುಕೊಂಡು ಹೋಗಬೇಡಿ, ತಳ್ಳಿಕೊಂಡು ಹೋಗಿ" ಅಂದರು. ಎರಡು ಕೈಯಲ್ಲಿ 28 ಕೆಜಿ, ಗಾಳಿಯಿಲ್ಲದ ಟೈರು, ದ್ರಾಕ್ಷಿ ತೋಟಗಳ ನಡುವೆ ಮೆರವಣಿಗೆ. ನನ್ನ ಗಂಡ ಇವತ್ತಿಗೂ ಆ ಊರಿನ ಹೆಸರು ಎತ್ತಿದರೆ ಸುಮ್ಮನಾಗುತ್ತಾರೆ.

ಇಂಥ ಬೈಕು ಮೋಸೆಲ್ ದಂಡೆಯಂಥ ಸಮತಟ್ಟು ದಾರಿಯಲ್ಲಿ ಚೆನ್ನಾಗಿಯೇ ಓಡುತ್ತದೆ. ನದಿ ಬಿಟ್ಟು ಹುನ್ಸ್‌ರ್ಯುಕ್ ಗುಡ್ಡ ಹತ್ತಿ, ಮ್ಯೋರ್ಸ್‌ಡೋರ್ಫ್ ಹತ್ತಿರದ 360 ಮೀಟರ್ ಉದ್ದದ ಗೈಯರ್‌ಲೈ ತೂಗುಸೇತುವೆ ನೋಡೋಣ ಅಂತ ಹೊರಟರೆ ಬಣ್ಣ ಬಯಲಾಗುತ್ತದೆ. ಚಕ್ರದೊಳಗಿನ ಮೋಟರ್‌ಗೆ ಗೇರಿನ ಅನುಕೂಲ ಸಿಗುವುದಿಲ್ಲ. ಏರಿನಲ್ಲಿ ನಿಧಾನವಾದಷ್ಟೂ ಬಿಸಿಯಾಗಿ ಕೊನೆಗೆ ತಾನೇ ಆಫ್ ಆಗುತ್ತದೆ. ಗುಡ್ಡಗಾಡಿಗೆ ಪೆಡಲ್ ಹತ್ತಿರ ಮೋಟರ್ ಇರುವ ಬೈಕೇ ಸರಿ. ಅದು ಚೈನ್ ಎಳೆಯುತ್ತದೆ, ಗೇರ್ ಇಳಿಸಿದರೆ ಹತ್ತುತ್ತದೆ.

ಚಾರ್ಜಿಂಗ್ ಬಗ್ಗೆ ಅಂಗಡಿಯವರು "ಗಾಡಿಯಲ್ಲೇ ಮಾಡ್ಕೊಳ್ಳಿ" ಅಂದುಬಿಟ್ಟಿದ್ದರು. ಲೆಕ್ಕ ನೋಡಿ. ಒಂದೊಂದು ಬ್ಯಾಟರಿ 720 ವ್ಯಾಟ್-ಅವರ್, ಎರಡಕ್ಕೆ 1,440. ನಮ್ಮ ಗಾಡಿಯೊಳಗಿನ ಪಂಪು, ಲೈಟು ನಡೆಸುವ ಬ್ಯಾಟರಿ 12 ವೋಲ್ಟ್, 95 ಆಂಪಿಯರ್-ಅವರ್, ಎಜಿಎಂ ಅನ್ನುವ ಸೀಸದ ಜಾತಿಯದು. ಪೂರ್ತಿ ಹಿಂಡಿದರೂ 1,140 ವ್ಯಾಟ್-ಅವರ್. ಬಾಳಿಕೆ ಬರಬೇಕು ಅಂದರೆ ಅರ್ಧ ಮಾತ್ರ ಬಳಸಬೇಕು. ಅಂದರೆ ಒಂದು ಬೈಕೂ ತುಂಬಲ್ಲ, ಜೊತೆಗೆ ಪಂಪು, ಲೈಟು ಎಲ್ಲ ಬಂದ್. ಕರೆಂಟ್ ಕೊಡುವ ಕ್ಯಾಂಪಿಂಗ್ ಜಾಗದಲ್ಲಿ ಮಾತ್ರ ಇದು ನಡೆಯುತ್ತದೆ. ಅಲ್ಲೂ ಎಷ್ಟೋ ಕಡೆ ಸಿಗುವುದು 6 ಆಂಪಿಯರ್. ಕೆಟಲ್ ಹಾಕಿದರೆ ಟ್ರಿಪ್.

ರಾತ್ರಿ ಮಲಗುವಾಗ ಗಾಡಿಯೊಳಗೆ ಚಾರ್ಜಿಗೆ ಹಾಕಬೇಡಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಹೊಗೆ ಬರುವುದಕ್ಕೂ ಬೆಂಕಿ ಹರಡುವುದಕ್ಕೂ ನಡುವೆ ಸಮಯವೇ ಇರುವುದಿಲ್ಲ. ನಮ್ಮ ಗಾಡಿಗೆ ಇರುವುದು ಒಂದೇ ಬಾಗಿಲು, ಮಕ್ಕಳು ಮಲಗುವುದು ಇನ್ನೊಂದು ತುದಿಯಲ್ಲಿ. ನ್ಯೂಯಾರ್ಕ್ ನಗರದಲ್ಲಿ ಇಂಥ ಬೆಂಕಿ ಎಷ್ಟು ಕಾಡಿತೆಂದರೆ, 2023ರಲ್ಲಿ ಸುರಕ್ಷತಾ ಪ್ರಮಾಣಪತ್ರ ಇಲ್ಲದ ಇ-ಬೈಕ್ ಮತ್ತು ಬ್ಯಾಟರಿ ಮಾರುವುದನ್ನೇ ನಿಲ್ಲಿಸಿದರು. ಹೆಸರಿಲ್ಲದ ಬ್ಯಾಟರಿ, ಜೊತೆಗೆ ಬಂದ ಅಗ್ಗದ ಚಾರ್ಜರ್, ಎರಡನ್ನೂ ನಂಬಬೇಡಿ.

ಊರಿಂದ ತರಬಹುದಾ ಅಂತ ಕೇಳುವವರಿಗೆ: ಬೇಡ. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಲಗೇಜ್‌ನಲ್ಲಿ ವಿಮಾನ ಹತ್ತಿಸುವಂತಿಲ್ಲ. ಇ-ಬೈಕಿನದು ಅದಕ್ಕಿಂತ ಎಷ್ಟೋ ದೊಡ್ಡದು.

ಹಾಗಾದ್ರೆ ಏನು ನೋಡಿ ತಗೋಬೇಕು? ಬ್ಯಾಟರಿ ಸಮೇತ ತೂಕ ಎಷ್ಟು ಅಂತ ಕೇಳಿ, ಅದನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಬ್ಯಾಟರಿ ಸುಲಭವಾಗಿ ಬಿಚ್ಚುವಂತಿರಬೇಕು. ಪ್ರಯಾಣದಲ್ಲಿ ಬಿಚ್ಚಿ ಒಳಗಿಟ್ಟರೆ ಹಿಂದಿನ ಭಾರ ಬೈಕಿಗೆ 3 ಕೆಜಿಯಷ್ಟು ಇಳಿಯುತ್ತದೆ, ಮಳೆ ನೀರೂ ತಾಗಲ್ಲ. ಖಾಲಿ ಜಾಗದ ಕನೆಕ್ಟರ್‌ಗೆ ಮುಚ್ಚಳ ಹಾಕಿ. ಕ್ಯಾರಿಯರ್‌ನ ಒಟ್ಟು ಮಿತಿ ಮಾತ್ರವಲ್ಲ, ಬೈಕಿನ ಚಕ್ರ ಕೂರುವ ಒಂದೊಂದು ಸಾಲಿನ ಮಿತಿಯೂ ಇರುತ್ತದೆ, ಅದನ್ನೂ ಓದಿ. ದಪ್ಪ ಟೈರು ಸಾಮಾನ್ಯ ಸಾಲಿನಲ್ಲಿ ಕೂರುವುದಿಲ್ಲ. ನಮಗೆ ಉದ್ದದ ಬೆಲ್ಟ್ ಕೊಟ್ಟು ಸಾಗಹಾಕಿದ್ದರು. ಮಡಚುವ ಬೈಕು, ಲೇಡೀಸ್ ಬೈಕಿನಂಥ ತಗ್ಗು ಫ್ರೇಮ್ ಇದ್ದರೆ ಕ್ಯಾರಿಯರ್‌ನ ತೋಳಿಗೆ ಹಿಡಿಯಲು ಮೇಲಿನ ಪೈಪೇ ಸಿಗದು. ನಿಮ್ಮದೇ ಕ್ಯಾರಿಯರ್ ಮೇಲೆ ಬೈಕ್ ಕೂರಿಸಿ ನೋಡಿದ ಮೇಲೆ ದುಡ್ಡು ಕೊಡಿ. ನೀವೇ ಎತ್ತಿ ಕೂರಿಸಿ, ಅಂಗಡಿಯ ಹುಡುಗನ ಕೈಲಿ ಅಲ್ಲ. ಎದೆ ಮಟ್ಟಕ್ಕೆ 25 ಕೆಜಿ ಎತ್ತುವುದು ದಿನಾ ಆಗುವ ಕೆಲಸವಾ ಅಂತ ಸೊಂಟವೇ ಹೇಳುತ್ತದೆ.

ಟೋ ಬಾರ್ (ಟ್ರೈಲರ್ ಎಳೆಯಲು ಹಿಂದೆ ಕೂರಿಸುವ ಕೊಕ್ಕೆ) ಮೇಲಿನ ಕ್ಯಾರಿಯರ್ ಹಾಕಿದರೆ ಗೋಡೆ ಉಳಿಯುತ್ತದೆ, ಆದರೆ ಆಕ್ಸಲ್ ಲೆಕ್ಕ ಬದಲಾಗಲ್ಲ. ಟೋ ಬಾರ್ ತೂಕವೂ ಸೇರುತ್ತದೆ. ಗಾಡಿ ಬಾಡಿಗೆಗೆ ಹಿಡಿಯುವವರಿಗಂತೂ ಬೈಕ್ ಕೊಳ್ಳುವುದೇ ಬೇಡ ಅಂತೀನಿ. ಮೋಸೆಲ್ ದಂಡೆಯಲ್ಲಿ, ಬೋಡನ್‌ಸೇ ಸರೋವರದ ಸುತ್ತ ದಿನಕ್ಕೆ 30–40 ಯೂರೋಗೆ ಒಳ್ಳೇ ಇ-ಬೈಕ್ ಬಾಡಿಗೆಗೆ ಸಿಗುತ್ತದೆ. ವರ್ಷಕ್ಕೆ ಒಂದೆರಡು ವಾರದ ರಜೆಗೆ ಅದೇ ಅಗ್ಗ.

ನಮ್ಮ ದುಡ್ಡಿನ ಕಥೆ ಅರ್ಧ ಆಗಿದೆ. ಅಂಗಡಿಗೆ ಹೋಗಿ ಕೊಂಡಿದ್ದಕ್ಕೆ ಆನ್‌ಲೈನ್ ಖರೀದಿಯ 14 ದಿನದ ವಾಪಸಾತಿ ಹಕ್ಕು ಇರುವುದಿಲ್ಲ. ಆದರೆ ಜರ್ಮನಿಯಲ್ಲಿ ಹೊಸ ವಸ್ತುವಿನ ದೋಷಕ್ಕೆ ಮಾರಿದವರು ಎರಡು ವರ್ಷ ಹೊಣೆ. ಮೊದಲ 12 ತಿಂಗಳಲ್ಲಿ ದೋಷ ಕಂಡರೆ, ಅದು ಮಾರುವಾಗ ಇರಲಿಲ್ಲ ಅಂತ ಸಾಬೀತು ಮಾಡಬೇಕಾದವರು ಅವರೇ. ಗ್ರಾಹಕರ ಸಲಹಾ ಕೇಂದ್ರದವರು ಪತ್ರ ಬರೆಯಲು ಸಹಾಯ ಮಾಡಿದರು. ರಸ್ತೆಗೆ ಅನುಮತಿಯೇ ಇಲ್ಲದ ಬೈಕನ್ನು ರಸ್ತೆಗೆ ಅಂತ ಮಾರಿದ್ದು ಸ್ಪಷ್ಟವಾಗಿದ್ದರಿಂದ ಬೈಕ್ ವಾಪಸ್ ತಗೊಂಡರು, ದುಡ್ಡು ಬಂತು. ಗೋಡೆ ರಿಪೇರಿ ಖರ್ಚಿಗೆ ಮಾತ್ರ ಇನ್ನೂ ಜಗ್ಗಾಡುತ್ತಿದ್ದಾರೆ. ಬಿಚ್ಚಿದ ಬೋಲ್ಟ್, ವಾಷರ್, ಒದ್ದೆ ಪ್ಲೈವುಡ್ ತುಂಡು, ವೇಬ್ರಿಡ್ಜ್ ಚೀಟಿ ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ನಿಮಗೂ ಹೀಗೆ ಆಗಿದ್ದರೆ ರಿಪೇರಿಗೆ ಕೊಡುವ ಮೊದಲು ಫೋಟೋ ತೆಗೆದುಕೊಳ್ಳಿ, ಹಳೇ ಬೋಲ್ಟ್ ಕೇಳಿ ಇಸ್ಕೊಳ್ಳಿ. ಮೆಕ್ಯಾನಿಕ್‌ಗಳು ಅದನ್ನು ಕಸದ ಬುಟ್ಟಿಗೆ ಹಾಕಿಬಿಡುತ್ತಾರೆ.