ಸಿಟ್ಟಿಗೆ ಚಿಕಿತ್ಸಕರನ್ನು ಹುಡುಕಿದ ಬಗೆ: ಟೆಲಿ ಮಾನಸ್ ಕರೆಯಿಂದ ಕ್ಲಿನಿಕ್‌ವರೆಗೆ

ಜ್ವರ ಬಂದರೆ, ನಿದ್ದೆ ಬಾರದಿದ್ದರೆ ಡಾಕ್ಟರನ್ನು ನೋಡೋಣ ಎನ್ನುವ ಮನೆಗಳಲ್ಲೇ ಸಿಟ್ಟಿನ ವಿಷಯ ಬಂದಾಗ ‘ಅವರ ಅಪ್ಪನದೂ ಅದೇ ಸ್ವಭಾವ’ ಎಂದು ಮಾತು ಮುಗಿದುಬಿಡುತ್ತದೆ. ತುಮಕೂರಿನಲ್ಲಿರುವ ನನ್ನ ತಮ್ಮ ತಾನಾಗಿಯೇ ‘ಅಕ್ಕಾ, ನನ್ನ ಗಾಡಿ ಸದ್ದು ಕೇಳಿದರೆ ಸಾಕು, ಮಗಳು ಒಳಗೆ ಹೋಗಿಬಿಡುತ್ತಾಳೆ, ಯಾರನ್ನಾದರೂ ನೋಡಲೇಬೇಕು’ ಎಂದ ಮೇಲೆ ನಾವಿಬ್ಬರೂ ಸೇರಿ ಹುಡುಕತೊಡಗಿದೆವು. ಆ ಹುಡುಕಾಟದಲ್ಲಿ ಬಳಸಿದ ಸೇವೆಗಳ ಕುರಿತು ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಸಿಟ್ಟಿಗೆ ಚಿಕಿತ್ಸಕರನ್ನು ಆರಿಸುವವರು ಕ್ಲಿನಿಕ್‌ನ ಹೆಸರು, ಪ್ರಚಾರ, ಶುಲ್ಕ ಇವೆಲ್ಲಕ್ಕಿಂತ ಮೊದಲು ‘ನೀವು ಯಾವ ವಿಧಾನದಲ್ಲಿ ಚಿಕಿತ್ಸೆ ಕೊಡುತ್ತೀರಿ’ ಎಂಬ ಪ್ರಶ್ನೆಯನ್ನು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ಮೊದಲು ಕರೆ ಮಾಡಿದ್ದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡವನ್ನು ಆರಿಸಿಕೊಳ್ಳಬಹುದು. ಫೋನೆತ್ತಿಕೊಂಡ ಆಪ್ತಸಮಾಲೋಚಕಿ ಉಪದೇಶಕ್ಕೆ ಇಳಿಯಲಿಲ್ಲ. ಸಿಟ್ಟು ಯಾವಾಗಿನಿಂದ ಹೆಚ್ಚಾಗಿದೆ, ಕುಡಿತವಿದೆಯೇ, ನಿದ್ದೆ ಹೇಗಿದೆ, ಮನೆಯಲ್ಲಿ ಯಾರ ಮೇಲಾದರೂ ಕೈ ಎತ್ತಿದ್ದುಂಟೇ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ, ಆದರೆ ಮರ್ಯಾದೆಯಿಂದ ಕೇಳಿದರು. ಆಮೇಲೆ, ಒಮ್ಮೆ ಮನೋವೈದ್ಯರ ತಪಾಸಣೆ ಆಗಲಿ, ನಂತರ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಳಿ ನಿಯಮಿತವಾಗಿ ಹೋಗುವುದು ಒಳ್ಳೆಯದು ಎಂದು ಸೂಚಿಸಿದರು. ಫೋನಿನಲ್ಲೇ ದೀರ್ಘ ಚಿಕಿತ್ಸೆಯನ್ನು ನಿರೀಕ್ಷಿಸುವವರಿಗೆ ಈ ಸೇವೆ ಸಾಲದು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕುಳಿತವರಿಗೆ ಮಾತ್ರ ಇದಕ್ಕಿಂತ ಸುಲಭವಾದ ಬಾಗಿಲು ನನಗೆ ಕಾಣುವುದಿಲ್ಲ.

ಆದರೂ ಪರಿಚಯದವರ ಒತ್ತಾಯಕ್ಕೆ ತಮ್ಮ ಮೊದಲು ಭೇಟಿಯಾದದ್ದು ‘ಆಂಗರ್ ಮ್ಯಾನೇಜ್‌ಮೆಂಟ್ ತಜ್ಞರು’ ಎಂದು ಫಲಕ ಹಾಕಿಕೊಂಡಿದ್ದ ಒಬ್ಬ ಕೌನ್ಸೆಲರನ್ನು. ಅಲ್ಲಿ ಸಿಕ್ಕ ಸಲಹೆಯೆಂದರೆ ಸಿಟ್ಟು ಬಂದಾಗ ಕೋಣೆಯ ಬಾಗಿಲು ಹಾಕಿಕೊಂಡು ದಿಂಬಿಗೆ ಹೊಡೆಯಬೇಕು, ಜೋರಾಗಿ ಕೂಗಬೇಕು, ಒಳಗಿರುವುದೆಲ್ಲ ಹೊರಗೆ ಹೋಗಬೇಕು ಎಂಬುದು. ಕೇಳುವುದಕ್ಕೆ ಸರಿಯೆನಿಸುವ ಈ ಸಲಹೆಗೆ ಆಧಾರವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಹೊಡೆದವರ ಸಿಟ್ಟು, ಏನೂ ಮಾಡದೆ ಸುಮ್ಮನೆ ಕುಳಿತಿದ್ದವರ ಸಿಟ್ಟಿಗಿಂತ ಹೆಚ್ಚಾಗಿತ್ತು. ಹೊಡೆಯುವುದನ್ನೇ ಅಭ್ಯಾಸ ಮಾಡಿದರೆ ಕೈ ಕಲಿಯುವುದು ಹೊಡೆಯುವುದನ್ನೇ. ಚಿಕ್ಕ ಮಗುವಿರುವ ಮನೆಯಲ್ಲಿ, ಮುಚ್ಚಿದ ಬಾಗಿಲ ಹಿಂದಿನಿಂದ ಅಪ್ಪನ ಕೂಗು ಕೇಳಿಬರುವಂತೆ ಮಾಡುವ ಸಲಹೆಯನ್ನು ಶುಲ್ಕ ಪಡೆದು ಕೊಡುವುದು ನನಗೆ ತೀರಾ ನೋವಿನ ಸಂಗತಿಯಾಗಿ ಕಂಡಿತು.

ಹೀಗಾಗಿ ಅರ್ಹತೆಯ ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ ಪಡೆದವರು. ಔಷಧ ಬರೆದುಕೊಡಬೇಕಾದವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಔಷಧ ಬರೆಯುವವರಲ್ಲ, ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುವವರು. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಾಯಿಸಿಕೊಂಡಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಹೆಸರಿಗೆ ಕೊಡುವ ವ್ಯಾಖ್ಯೆಯಲ್ಲಿ ಎರಡು ವರ್ಷಗಳ ಪೂರ್ಣಾವಧಿಯ ಎಂ.ಫಿಲ್ ಮತ್ತು ಮೇಲ್ವಿಚಾರಣೆಯಲ್ಲಿ ಪಡೆದ ಕ್ಲಿನಿಕಲ್ ತರಬೇತಿ ಸೇರಿವೆ. ‘ಕೌನ್ಸೆಲರ್’ ಎಂಬ ಹೆಸರನ್ನಾದರೋ ಎಂ.ಎಸ್ಸಿ. ಮಾಡಿ ವರ್ಷಗಟ್ಟಲೆ ದುಡಿದವರೂ ಇಟ್ಟುಕೊಳ್ಳುತ್ತಾರೆ, ಅಲ್ಪಾವಧಿಯ ಕೋರ್ಸ್ ಮುಗಿಸಿದವರೂ ಇಟ್ಟುಕೊಳ್ಳುತ್ತಾರೆ. ಅವರಲ್ಲಿ ತುಂಬ ಒಳ್ಳೆಯವರಿದ್ದಾರೆ ಎಂಬುದನ್ನು ನಾನು ಬಲ್ಲೆ. ಆದರೆ ಏನು ಓದಿದ್ದೀರಿ, ಎಲ್ಲಿ ತರಬೇತಿಯಾಯಿತು, ನೋಂದಣಿ ಸಂಖ್ಯೆ ಯಾವುದು ಎಂದು ಕೇಳುವುದು ಅಗೌರವವಲ್ಲ. ಸರಿಯಾದವರು ಈ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರಿಸುತ್ತಾರೆ.

ಕೊನೆಗೆ ತಮ್ಮ ನೆಚ್ಚಿದ್ದು ಬೆಂಗಳೂರಿನ ಖಾಸಗಿ ಕ್ಲಿನಿಕ್‌ನ ಒಬ್ಬ ಮಹಿಳಾ ಕ್ಲಿನಿಕಲ್ ಸೈಕಾಲಜಿಸ್ಟ್ ಅವರನ್ನು. ಮೊದಲ ಭೇಟಿಯಲ್ಲೇ ಅವರು ತಮ್ಮ ವಿಧಾನವನ್ನು ಕಾಗದದ ಮೇಲೆ ಬರೆದು ವಿವರಿಸಿದರು. ಅದು ಅರಿವು ಮತ್ತು ವರ್ತನೆಯ ಚಿಕಿತ್ಸೆ, ಎಲ್ಲರೂ ಸಿಬಿಟಿ ಎಂದು ಕರೆಯುವಂಥದ್ದು. ಸಿಟ್ಟಿಗೆ ಈ ಬಗೆಯ ಚಿಕಿತ್ಸೆಯನ್ನು ರೇಮಂಡ್ ನೊವಾಕೊ 1970ರ ದಶಕದಲ್ಲಿ ರೂಪಿಸಿದರು. ನಂತರದ ವರ್ಷಗಳಲ್ಲಿ ಅದರ ಪರೀಕ್ಷೆಗಳು ಸಾಕಷ್ಟು ನಡೆದಿವೆ. ಮೊದಲ ಕೆಲಸ ಒಂದು ನೋಟ್‌ಬುಕ್. ಸಿಟ್ಟು ಬಂದ ಪ್ರತಿ ಸಲವೂ ಏನಾಯಿತು, ಆ ಕ್ಷಣ ಮನಸ್ಸಿನಲ್ಲಿ ಯಾವ ಮಾತು ಹಾಯಿತು, ಮೈಯಲ್ಲಿ ಎಲ್ಲಿ ಬಿಗಿಯಾಯಿತು, ಏನು ಮಾಡಿದೆ, ಆಮೇಲೆ ಏನಾಯಿತು ಎಂದು ಬರೆಯಬೇಕು. ಅದನ್ನು ಓದಿದಾಗ ತಮ್ಮನಿಗೇ ಕಂಡದ್ದೆಂದರೆ, ಅವನ ಸಿಟ್ಟಿನ ಬಹುಪಾಲು ಸಂಜೆ ಕೆಲಸ ಮುಗಿಸಿ ಬಂದು ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಬರುತ್ತಿತ್ತು, ಮತ್ತು ಪ್ರತಿ ಸಲವೂ ಅದರ ಹಿಂದೆ ‘ಬೇಕೆಂದೇ ಮಾಡುತ್ತಿದ್ದಾರೆ’ ಎಂಬ ಒಂದೇ ಯೋಚನೆ ಇರುತ್ತಿತ್ತು. ಹೆಂಡತಿ ಫೋನೆತ್ತದಿದ್ದರೂ, ಮಗಳು ಹೋಮ್‌ವರ್ಕ್ ಮಾಡದಿದ್ದರೂ, ಯಾರೋ ಗಾಡಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿದ್ದರೂ ಅದೇ ಯೋಚನೆ. ಅದನ್ನು ಆ ಕ್ಷಣದಲ್ಲೇ ಹಿಡಿದು ‘ಬೇರೆ ಕಾರಣವಿರಬಹುದೇ’ ಎಂದು ಪರೀಕ್ಷಿಸುವುದನ್ನು ಚಿಕಿತ್ಸಕಿ ವಾರಗಟ್ಟಲೆ ಅಭ್ಯಾಸ ಮಾಡಿಸಿದರು.

ಜೊತೆಗೆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವಿಶ್ರಾಂತಿ ವ್ಯಾಯಾಮ, ನಿಧಾನ ಉಸಿರಾಟ, ಮತ್ತು ಜಗಳದ ನಡುವೆ ಹೊರನಡೆಯುವ ಕ್ರಮವಿತ್ತು. ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋಗುವುದಕ್ಕೂ ‘ನನಗೆ ಸಿಟ್ಟು ಏರುತ್ತಿದೆ, ಅರ್ಧ ಗಂಟೆ ಬಿಟ್ಟು ಬಂದು ಮಾತಾಡುತ್ತೇನೆ’ ಎಂದು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಮರಳುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ತಾಳ್ಮೆಯಿಂದ ಕಲಿಸಿದರು. ಹೊರಗೆ ನಡೆಯುವಾಗ ಜಗಳವನ್ನೇ ಮೆಲುಕು ಹಾಕಬಾರದು ಎಂಬುದೂ ಆ ಪಾಠದ ಭಾಗವಾಗಿತ್ತು. ಇದೆಲ್ಲವೂ ಕನ್ನಡದಲ್ಲಿ ನಡೆಯಿತು ಎಂಬುದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಆಡಿದ ಮಾತನ್ನು ಆಡಿದ ಹಾಗೆಯೇ ಚಿಕಿತ್ಸಕರ ಮುಂದೆ ಹೇಳಲು ಆಗದಿದ್ದರೆ ಅರ್ಧ ವಿಷಯ ಒಳಗೇ ಉಳಿಯುತ್ತದೆ.

ಈ ಸೇವೆಯಲ್ಲಿ ನನಗೆ ಅತ್ಯಂತ ಗೌರವ ಮೂಡಿಸಿದ್ದು ಬೇರೊಂದು ಸಂಗತಿ. ತಮ್ಮನ ಅನುಮತಿ ಪಡೆದು ಅವರು ಅವನ ಹೆಂಡತಿಯೊಂದಿಗೆ ಪ್ರತ್ಯೇಕವಾಗಿ ಮಾತಾಡಿದರು. ಮನೆಯಲ್ಲಿ ಭಯವಿದೆಯೇ, ಹೊಡೆತ ಬಿದ್ದದ್ದುಂಟೇ ಎಂದು ಕೇಳಿದರು. ಹಿಂಸೆ ನಡೆಯುತ್ತಿರುವ ಮನೆಯಲ್ಲಿ ಗಂಡನ ಚಿಕಿತ್ಸೆ ಮುಗಿಯಲಿ ಎಂದು ಹೆಂಡತಿ ಕಾಯುತ್ತ ಕೂರಬೇಕಾಗಿಲ್ಲ, ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ ಎಂದು ತಿಳಿಸಿದರು. ನಮ್ಮ ಮನೆಯಲ್ಲಿ ಆ ಹಂತ ಬಂದಿರಲಿಲ್ಲ. ಆದರೂ ಸಿಟ್ಟಿನ ಚಿಕಿತ್ಸೆಯಲ್ಲಿ ಸಿಟ್ಟಿಗೆ ಗುರಿಯಾದವರ ಸುರಕ್ಷತೆಯನ್ನು ಕೇಳದ ಚಿಕಿತ್ಸಕರನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಐವತ್ತು ನಿಮಿಷಗಳ ಒಂದು ಭೇಟಿಗೆ ಅವರು ತೆಗೆದುಕೊಳ್ಳುವುದು 1,500 ರೂಪಾಯಿ. ತಿಂಗಳಿಗೆ ನಾಲ್ಕು ಭೇಟಿಯೆಂದರೆ ಮಧ್ಯಮ ವರ್ಗದ ಮನೆಗೂ ಇದು ಭಾರವೇ. ಮೊದಲ ಕೆಲವು ಭೇಟಿಗಳ ನಂತರ ಅವರು ವಿಡಿಯೊ ಕರೆಗೆ ಒಪ್ಪಿದ್ದರಿಂದ ಪ್ರಯಾಣದ ಖರ್ಚು ಉಳಿಯಿತು. ಸಂಜೆಯ ಸಮಯ ಸಿಗುವುದು ಮಾತ್ರ ಕಷ್ಟ. ಕೆಲಸ ಬಿಟ್ಟು ಹಗಲಿನಲ್ಲಿ ಬರಲಾಗದವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇಷ್ಟು ಹಣ ಹೊಂದಿಸಲಾಗದವರಿಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ; ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗವೂ ಇದೆ. ಅಲ್ಲಿ ಹೊರರೋಗಿಗಳ ಸಂಖ್ಯೆ ದೊಡ್ಡದು, ಕಾಯುವ ಸಿದ್ಧತೆಯಿಂದ ಹೋಗಬೇಕು. ಕಚೇರಿಗೆ ತಿಳಿದುಬಿಟ್ಟರೆ ಎಂದು ಅಂಜುವವರಿಗೆ, 2017ರ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ರೋಗಿಯ ಹಕ್ಕನ್ನಾಗಿ ಮಾಡಿದೆ ಎಂದು ತಿಳಿಸಬಯಸುತ್ತೇನೆ. ಯಾರದ್ದಾದರೂ ಜೀವಕ್ಕೆ ಅಪಾಯವಿರುವುದೂ ಸೇರಿದಂತೆ ಕಾಯ್ದೆ ಹೇಳುವ ಕೆಲವು ಸಂದರ್ಭಗಳಷ್ಟೇ ಅದಕ್ಕೆ ಹೊರತು. ತಮ್ಮನ ಭೇಟಿಗಳು ಈಗ ತಿಂಗಳಿಗೊಮ್ಮೆಗೆ ಇಳಿದಿವೆ, ನೋಟ್‌ಬುಕ್ ಬರೆಯುವುದು ಮುಂದುವರಿದಿದೆ. ಸಿಟ್ಟು ಪೂರ್ತಿ ಹೋಗುತ್ತದೆಂಬ ಭರವಸೆಯನ್ನು ಚಿಕಿತ್ಸಕಿ ಯಾವತ್ತೂ ಕೊಟ್ಟಿರಲಿಲ್ಲ. ಅದು ಮತ್ತೆ ಏರಿದರೆ ಯಾವ ಅಭ್ಯಾಸದಿಂದ ಶುರುಮಾಡಬೇಕು, ಯಾವಾಗ ತಮಗೆ ಕರೆ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟಿದ್ದಾರೆ.