ಆಪ್ಟ್, ಪಿಪಿಎ, ಸ್ನ್ಯಾಪ್, ಫ್ಲಾಟ್‌ಪ್ಯಾಕ್: ನನಗೆ ಒಗ್ಗಿದ್ದು ಯಾವುದು?

ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಸಾಫ್ಟ್‌ವೇರ್ ಹಾಕಿಕೊಳ್ಳುವ ದಾರಿಗಳಿವು. ಮೊದಲೇ ಹೇಳಿಬಿಡುತ್ತೇನೆ, ನಾನು ಆಪ್ಟ್ ಕಡೆಯವನು. ಉಬುಂಟುವಿನ ಸ್ವಂತ ಸಾಫ್ಟ್‌ವೇರ್ ಭಂಡಾರದಲ್ಲಿ ಇರುವುದನ್ನೆಲ್ಲ ಆಪ್ಟ್ ಎಂಬ ಕಮಾಂಡಿನಿಂದಲೇ ಹಾಕಿಕೊಳ್ಳುತ್ತೇನೆ. ಅಲ್ಲಿ ಸಿಗದ ಒಂದೆರಡಕ್ಕೆ ಫ್ಲಾಟ್‌ಪ್ಯಾಕ್, ಅಂದರೆ ಆಪ್‌ಗೆ ಬೇಕಾದ್ದನ್ನೆಲ್ಲ ಬೇರೆಯಾಗಿಯೇ ತಂದುಕೊಳ್ಳುವ ದಾರಿ. ಹೊರಗಿನವರು ನಡೆಸುವ ಭಂಡಾರವಾದ ಪಿಪಿಎ ಕಡೆಗಂತೂ ತಲೆ ಹಾಕಿಯೂ ಮಲಗುವುದಿಲ್ಲ.

ಇದಕ್ಕೆ ಕಾರಣ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್. ನಮ್ಮೂರ ಸಂಘದ ಪೋಸ್ಟರ್‌ಗಳನ್ನು ನಾನು ಅದರಲ್ಲೇ ಮಾಡುವುದು. ಉಬುಂಟು 20.04 ಇದ್ದಾಗ ಅದರ ಗಿಂಪ್ 2.10.18 ಯಾಕೋ ಹಳೆಯದು ಅನ್ನಿಸಿತು. ಯಾರೋ ಪುಣ್ಯಾತ್ಮರು ನಡೆಸುತ್ತಿದ್ದ ಪಿಪಿಎ ಸೇರಿಸಿದೆ. ಹೊಸ ಗಿಂಪ್ ಬಂತು, ಚೆನ್ನಾಗಿಯೇ ನಡೆಯಿತು. ಪಿಪಿಎ ಹಾಕಿದ್ದೇ ಮರೆತುಹೋಯಿತು.

ಆಮೇಲೆ ಒಂದು ಶನಿವಾರ ರಾತ್ರಿ 22.04ಕ್ಕೆ ಅಪ್‌ಗ್ರೇಡ್ ಮಾಡಿದೆ. ಮುಗಿದ ಮೇಲೆ ನೋಡಿದರೆ ಗಿಂಪ್ ಮಾಯ! ಮತ್ತೆ ಹಾಕಲು ಹೋದರೆ ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’, ಅಂದರೆ ನೀನು ಹಿಡಿದಿಟ್ಟ ಮುರುಕು ಪ್ಯಾಕೇಜುಗಳಿವೆ ಎಂಬ ಉತ್ತರ. ನಾನು ಏನನ್ನೂ ಹಿಡಿದಿಟ್ಟುಕೊಂಡಿರಲಿಲ್ಲ ಮಾರಾಯ್ರೇ.

ಆಗಿದ್ದು ಇಷ್ಟು. ಪಿಪಿಎ ಗಿಂಪ್ ಒಂದನ್ನೇ ತಂದಿರಲಿಲ್ಲ, ಅದು ನಡೆಯಲು ಬೇಕಾದ ಗೆಗ್ಲ್, ಬಾಬ್ಲ್ ಎಂಬ ಲೈಬ್ರರಿಗಳನ್ನೂ (ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಭಾಗಗಳು) ಬದಲಾಯಿಸಿತ್ತು. ಅಪ್‌ಗ್ರೇಡ್ ಮಾಡುವಾಗ ಉಬುಂಟು ಹೊರಗಿನ ಮೂಲಗಳನ್ನೆಲ್ಲ ಆಫ್ ಮಾಡುತ್ತದೆ. ಆದರೆ ಅಲ್ಲಿಂದ ಬಂದ ಪ್ಯಾಕೇಜುಗಳು ಹಾಗೇ ಕೂತಿರುತ್ತವೆ. ಅವುಗಳ ಆವೃತ್ತಿ ಸಂಖ್ಯೆ ದೊಡ್ಡದಿದ್ದರೆ ಆಪ್ಟ್ ತಾನಾಗಿ ಕೆಳಗಿಳಿಸುವುದಿಲ್ಲ. ಹಾಗಾಗಿ ಭಂಡಾರದ ಗಿಂಪ್‌ಗೂ ಅವಕ್ಕೂ ಹೊಂದಲಿಲ್ಲ.

ಇದಕ್ಕೆಂದೇ ಪಿಪಿಎ-ಪರ್ಜ್ ಎಂಬ ಸಲಕರಣೆ ಇದೆ. ಪಿಪಿಎಯನ್ನೂ ಅದು ತಂದಿದ್ದನ್ನೂ ತೆಗೆದು, ಭಂಡಾರದ ಆವೃತ್ತಿಗಳನ್ನು ವಾಪಸ್ ಕೂರಿಸುತ್ತದೆ. ಆದರೆ ಪಿಪಿಎ ಆನ್ ಇದ್ದರೆ ಮಾತ್ರ! ಆಫ್ ಆಗಿದ್ದರೆ ಪ್ಯಾಕೇಜ್ ಪಟ್ಟಿಯೇ ಸಿಗಲಿಲ್ಲ ಎಂದು ಕೈಚೆಲ್ಲುತ್ತದೆ. ಅಂದರೆ ಅಪ್‌ಗ್ರೇಡ್‌ಗೆ ಮೊದಲೇ ಓಡಿಸಬೇಕಿತ್ತು. ಕೊನೆಗೆ ಆಪ್ಟ್ ಪಾಲಿಸಿ ಕಮಾಂಡಿನಲ್ಲಿ ಯಾವ ಪ್ಯಾಕೇಜು ಎಲ್ಲಿಂದ ಬಂದಿದೆ ಎಂದು ನೋಡಿ, ಒಂದೊಂದಕ್ಕೂ ಆವೃತ್ತಿ ಸಂಖ್ಯೆ ಕೊಟ್ಟು ಕೆಳಗಿಳಿಸಿದೆ. ಎರಡು ಗಂಟೆಯಾಯಿತು. ಬೆಳಗ್ಗೆ ಪೋಸ್ಟರ್ ಕೊಡಬೇಕಿತ್ತು.

ಫ್ಲಾಟ್‌ಪ್ಯಾಕ್ ತರಹದ್ದೇ ಆದ, ಉಬುಂಟುವಿನವರದೇ ಸ್ನ್ಯಾಪ್ ಬಗ್ಗೆ ಜಾಸ್ತಿ ಹೇಳಲ್ಲ. ಸುಮ್ನೆ ಬಿಟ್ಟರೆ ದಿನಕ್ಕೆ ನಾಲ್ಕು ಸಲ ಅಪ್‌ಡೇಟ್ ಹುಡುಕುತ್ತದೆ, ಹಳೆಯ ಆವೃತ್ತಿಯನ್ನೂ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ತಡೆಹಿಡಿಯುವ ದಾರಿ ಇದೆ ನಿಜ. ಆದರೆ ನನ್ನದು ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ. ಕೇಳದೆ ಇಳಿಯುವುದು ನನಗೆ ಆಗಿಬರುವುದಿಲ್ಲ. ಮನೆಗೆ ಫೈಬರ್ ಇರುವವರಿಗೆ ಇದೊಂದು ವಿಷಯವೇ ಅಲ್ಲ ಬಿಡಿ.

ಫ್ಲಾಟ್‌ಪ್ಯಾಕ್ ಕೂಡ ಹೊಟ್ಟೆಬಾಕನೇ. ಮೊದಲ ಆಪ್ ಎಷ್ಟೇ ಚಿಕ್ಕದಿರಲಿ, ಜೊತೆಗೆ ನೂರಾರು ಎಂಬಿ ರನ್‌ಟೈಮ್ (ಆಪ್ ನಡೆಯಲು ಬೇಕಾದ ಲೈಬ್ರರಿಗಳ ಗಂಟು) ಇಳಿಯುತ್ತದೆ. ಆದರೆ ಅದು ಸಿಸ್ಟಮ್ಮಿನ ಲೈಬ್ರರಿಗಳನ್ನು ಮುಟ್ಟುವುದಿಲ್ಲ. ಪೆಟ್ಟು ತಿಂದವನಿಗೆ ಅದೇ ಸಾಕು. ಗಿಂಪ್ 3.0 ಬಂದಿದ್ದು 2025ರ ಮಾರ್ಚ್‌ನಲ್ಲಿ. ಈಗ ನನ್ನ ಹತ್ತಿರ ಇರುವ 24.04ರ ಭಂಡಾರದಲ್ಲಿ 2.10 ಇದೆ. ಹೊಸದನ್ನು ಫ್ಲಾಟ್‌ಪ್ಯಾಕ್ ಆಪ್‌ಗಳು ಸಿಗುವ ಫ್ಲಾಟ್‌ಹಬ್‌ನಿಂದ ತಂದೆ, ಗೆಳೆಯನ ಮನೆಯ ವೈಫೈಯಲ್ಲಿ ಕೂತು. ಆಪ್ಟ್‌ನಿಂದ ಹಾಕಿದ ಗುಬ್ಬಿ, ನವಿಲು ಕನ್ನಡ ಫಾಂಟುಗಳು ಅದರಲ್ಲೂ ಕಾಣಿಸುತ್ತವೆ.

ಈಗ ಭಾನುವಾರ ಬೆಳಗ್ಗೆ ಕಾಫಿ ಜೊತೆ ಮೊದಲು ಆಪ್ಟ್ ಅಪ್‌ಗ್ರೇಡ್. ಡೇಟಾ ಉಳಿದಿದ್ದರೆ ಆಮೇಲೆ ಫ್ಲಾಟ್‌ಪ್ಯಾಕ್ ಅಪ್‌ಡೇಟ್. ಉಳಿಯದಿದ್ದರೆ ಮುಂದಿನ ವಾರ.