ಫಾಲುನ್: ಒಂದು ಗಂಟೆ ಗಣಿಯಲ್ಲಿ, ಅರ್ಧ ದಿನ ಗಣಿ ಕಟ್ಟಿದ ಊರಿನಲ್ಲಿ

ಸ್ವೀಡನ್ನಿನ ಫಾಲುನ್ ಪಟ್ಟಣದ ತಾಮ್ರದ ಗಣಿಗೆ ಇಳಿಯುವ ಮೊದಲು ಮೈಗೆ ಮಳೆಯಂಗಿ, ತಲೆಗೆ ಹೆಲ್ಮೆಟ್ ಕೊಡುತ್ತಾರೆ. ಮೆಟ್ಟಿಲಿಳಿದಂತೆಲ್ಲ ಹೊರಗಿನ ಬೇಸಿಗೆ ಮರೆಯಾಗಿ, ವರ್ಷವಿಡೀ ಐದಾರು ಡಿಗ್ರಿಯ ಆಸುಪಾಸಿನಲ್ಲೇ ಇರುವ ಥಂಡಿ ಮೈಗೆ ತಾಗುತ್ತದೆ. ಮಾರ್ಗದರ್ಶಿಯ ಜೊತೆ ಸುಮಾರು ಒಂದು ಗಂಟೆ ನಡೆಯುವ ಈ ಪ್ರವಾಸ ನೆಲದಿಂದ 67 ಮೀಟರ್ ಆಳದವರೆಗೆ ಕರೆದೊಯ್ಯುತ್ತದೆ. ಇಲ್ಲಿ ತೋರಿಸುವುದಕ್ಕಿಂತ ಹೇಳುವುದು ಹೆಚ್ಚು, ಹೇಳಬೇಕಾದದ್ದೂ ಅಷ್ಟಿದೆ: ಬಂಡೆಗೆ ಒತ್ತಾಗಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿ, ಕಾವಿಗೆ ಬಿರುಕು ಬಿಟ್ಟ ಕಲ್ಲನ್ನು ಒಡೆದು ಅದಿರು ತೆಗೆಯುತ್ತಿದ್ದ ಬಗೆಯನ್ನು ಆ ಹೊಗೆ ತುಂಬಿಕೊಂಡಿದ್ದ ಜಾಗದಲ್ಲೇ ನಿಂತು ಕೇಳಿದಾಗ, ಆ ದುಡಿಮೆ ಎಂಥದ್ದೆಂಬುದು ಮನಸ್ಸಿಗೆ ನಾಟುತ್ತದೆ.

ಈ ಗಣಿಯ ಎಂಟನೆಯ ಒಂದು ಪಾಲು ಬಿಷಪ್ ಒಬ್ಬರಿಗೆ ಮರಳಿ ಸಂದದ್ದನ್ನು ದಾಖಲಿಸಿದ ಪತ್ರ 1288ರದು. ಹದಿನೇಳನೆಯ ಶತಮಾನದಲ್ಲಿ ಸ್ವೀಡನ್ ಯುರೋಪಿನ ರಾಜಕೀಯದಲ್ಲಿ ದೊಡ್ಡ ಶಕ್ತಿಯಾಗಿ ನಿಂತದ್ದರ ಹಿಂದೆ ಇಲ್ಲಿನ ತಾಮ್ರದ ಹಣವಿತ್ತು. 1644ರಲ್ಲಿ ಅಚ್ಚಾದ ಹತ್ತು ದಾಲರ್ ಮೌಲ್ಯದ ತಾಮ್ರದ ಹಲಗೆ-ನಾಣ್ಯ ಹತ್ತೊಂಬತ್ತು ಕಿಲೋಗೂ ಮಿಕ್ಕಿ ತೂಗುತ್ತಿತ್ತು. ಆದರೆ ಒಟ್ಟು ಯೋಜನೆಯಿಲ್ಲದೆ ಸಿಕ್ಕ ಸಿಕ್ಕ ಕಡೆ ಅಗೆದದ್ದರ ಫಲವಾಗಿ 1687ರ ಮಿಡ್‌ಸಮ್ಮರ್ ಹಬ್ಬದ ಹೊತ್ತಿಗೆ ಗುಂಡಿಗಳ ನಡುವಿನ ಗೋಡೆಗಳು ಕುಸಿದು, ಈಗ ಎಲ್ಲರೂ ಅಂಚಿನಲ್ಲಿ ನಿಂತು ನೋಡುವ ‘ಸ್ಟೋರಾ ಸ್ಟೋಟೆನ್’ ಎಂಬ ಮಹಾಕೂಪ ಬಾಯ್ದೆರೆಯಿತು. ಹಬ್ಬದ ರಜೆಯಾದ್ದರಿಂದ ಒಂದು ಜೀವವೂ ಹೋಗಲಿಲ್ಲ.

ನನ್ನನ್ನು ಬಹಳ ಹೊತ್ತು ಕಾಡಿದ್ದು ಮಾತ್ಸ್ ಇಸ್ರೇಲ್ಸನ್ನನ ಕಥೆ. 1677ರಲ್ಲಿ ಕಾಣೆಯಾದ ಈ ಯುವ ಗಣಿಗಾರನ ದೇಹ 1719ರಲ್ಲಿ ಸಿಕ್ಕಿತು. ಮೈಲುತುತ್ತದಂಥ ಲವಣಗಳು ಕರಗಿದ್ದ ನೀರಿನಲ್ಲಿ ಮುಳುಗಿದ್ದರಿಂದ ಅದು ಕೆಟ್ಟಿರಲಿಲ್ಲ. ಅವನ ಗುರುತು ಹಿಡಿದವಳು, ಒಮ್ಮೆ ಅವನೊಡನೆ ಮದುವೆ ನಿಶ್ಚಯವಾಗಿದ್ದು ಆ ಹೊತ್ತಿಗೆ ಮುದುಕಿಯಾಗಿದ್ದ ಹೆಂಗಸು.

ಆದರೂ ಗಣಿಯಿಂದ ಹೊರಬಂದವರು ನೇರವಾಗಿ ರೈಲು ಹತ್ತಬಾರದೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಗಣಿಯಲ್ಲಿ ಕೇಳಿದ್ದರ ಅರ್ಥ ಪೂರ್ತಿಯಾಗುವುದು ಊರಿನಲ್ಲಿ. ನಡುಪಟ್ಟಣದ ಬಹುಭಾಗ 1761ರ ಬೆಂಕಿಯಲ್ಲಿ ಸುಟ್ಟುಹೋಯಿತು; ಗಣಿಗಾರರ ಹಳೆಯ ಕೇರಿಯಾದ ಎಲ್ಸ್‌ಬೋರ್ಗ್‌ನಲ್ಲಿ ತಗ್ಗಾದ ಮರದ ಮನೆಗಳು ಇಕ್ಕಟ್ಟಾದ ಬೀದಿಗಳ ಎರಡೂ ಕಡೆ ಇನ್ನೂ ನಿಂತಿವೆ. ಎಲ್ಲಕ್ಕೂ ಬಳಿದಿರುವುದು ಒಂದೇ ಕೆಂಪು. ಗಣಿಯ ರಾಶಿಗಳಲ್ಲಿ ಉಳಿದ ಬಡ ಅದಿರು ಕಾಲಾಂತರದಲ್ಲಿ ಕಳಿತು ಆದ ಕೆಮ್ಮಣ್ಣನ್ನು ತೊಳೆದು, ಸುಟ್ಟು, ಅರೆದು, ನೀರು, ಹಿಟ್ಟು ಮತ್ತು ಅಗಸೆ ಎಣ್ಣೆಯೊಡನೆ ಕುದಿಸಿ ಮಾಡುವ ಬಣ್ಣವಿದು. ನಮ್ಮ ಮನೆಗಳ ಗೋಡೆಗೆ ಬಳಿಯುತ್ತಿದ್ದ ಜಾಜನ್ನು ನೆನಪಿಸುತ್ತದೆ. ಹಳೆಯ ಹಲಗೆಯೊಂದನ್ನು ಅಂಗೈಯಿಂದ ಸವರಿದೆ, ನವಿರಾದ ಕೆಂಪು ಪುಡಿ ಗೆರೆಗಳ ನಡುವೆ ಅಂಟಿಕೊಂಡಿತು. ಬಣ್ಣ ಹೀಗೆ ಮೆಲ್ಲಗೆ ಉದುರುತ್ತ ಸವೆಯುತ್ತದೆಯೇ ಹೊರತು ಪೊರೆಯಾಗಿ ಏಳುವುದಿಲ್ಲ, ಮರವನ್ನು ಉಸಿರಾಡಲು ಬಿಡುತ್ತದೆ. ಅಡಿಪಾಯಗಳಲ್ಲಿ ಕಾಣುವ ಕಪ್ಪು ಇಟ್ಟಿಗೆಗಳೂ ಕುಲುಮೆಯಲ್ಲಿ ಉಳಿದ ಕಿಟ್ಟವನ್ನು ಎರಕ ಹೊಯ್ದು ಮಾಡಿದವು. ತಾಮ್ರ ಹೊರದೇಶಗಳಿಗೆ ಹೋಯಿತು, ಅದರ ಕಸದಿಂದ ಊರು ಎದ್ದಿತು. ಈ ಸಂಬಂಧವನ್ನು ಕಣ್ಣಾರೆ ಕಾಣಲು ಕನಿಷ್ಠ ಎರಡು ಗಂಟೆ ಬೇಕು.

ಗಣಿ 1992ರ ಡಿಸೆಂಬರ್ 8ರಂದು ಮುಚ್ಚಿತು, 2001ರಲ್ಲಿ ಗಣಿ ಮತ್ತು ಪಟ್ಟಣವೆರಡೂ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹೋಗುವವರು ಬೇಸಿಗೆಯಲ್ಲೂ ಉಣ್ಣೆಯ ಅಂಗಿಯೊಂದನ್ನು ಇಟ್ಟುಕೊಳ್ಳಿ. ನೆಲ ಒದ್ದೆಯಿರುವುದರಿಂದ ಹಿಡಿತವಿರುವ ಬೂಟು ಕಡ್ಡಾಯ. ಮೊಣಕಾಲು ನೋವಿರುವ ಹಿರಿಯರಿಗೆ ಮೆಟ್ಟಿಲುಗಳು ಕಷ್ಟವೇ. ಅವರು ಮಹಾಕೂಪವನ್ನು ಮೇಲಿನಿಂದ ನೋಡಿ, ಪಕ್ಕದ ಗಣಿ ಸಂಗ್ರಹಾಲಯದಲ್ಲಿ ಹಲಗೆ-ನಾಣ್ಯಗಳ ಮುಂದೆ ಕುಳಿತು, ಇಳಿದವರು ಹತ್ತಿ ಬಂದ ಮೇಲೆ ಒಟ್ಟಿಗೆ ಎಲ್ಸ್‌ಬೋರ್ಗ್‌ಗೆ ನಡೆಯಬಹುದು.